ಕಾಳಜಿ ಇಲ್ರಿ ಅಂದಿದ್ದಳು ಅಕ್ಕ

ಅಕ್ಕನ ಮಗನಿಗೆ ಎರಡು ವರ್ಷ ತುಂಬಿದ್ದರೂ ಮಾತು ಬಂದಿರಲಿಲ್ಲ. ಹತ್ತಿಮತ್ತೂರಿನ ಆ ಮನೆಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಓಣಿಯ ಬೇರೆ ಮಕ್ಕಳು ಪಟಪಟ ಮಾತಾಡಿದಾಗ ಅಕ್ಕನ ಅತ್ತೆ ಸುಮ್ಮನೆ ಅವಳ ಮುಖ ನೋಡುತ್ತಿದ್ದರು, ಅಷ್ಟೆ.

ಅಂಥ ಹೊತ್ತಿನಲ್ಲಿ ವಿಶ್ವವಿದ್ಯಾಲಯದವರ ಸಂಶೋಧನೆ ಊರಿಗೆ ಬಂತು. ಚಿಕ್ಕ ಮಕ್ಕಳ ಬೆಳವಣಿಗೆಯನ್ನೂ ತಾಯಂದಿರ ಮನಸ್ಸಿನ ಆರೋಗ್ಯವನ್ನೂ ಒಟ್ಟಿಗೆ ನೋಡುವ ಪ್ರಯೋಗ. ಕೆಲವು ಊರುಗಳಲ್ಲಿ ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ವಾರವಾರ ಕಲಿಸುತ್ತಾರೆ. ಉಳಿದ ಊರುಗಳಲ್ಲಿ ಬರೀ ಪ್ರಶ್ನೆ ಕೇಳಿ ಹೋಗುತ್ತಾರೆ. ಅಕ್ಕನ ಊರಿಗೆ ಬಂದದ್ದು ಪ್ರಶ್ನೆ. ನಾನು ಹಂಸಭಾವಿಯಿಂದ ಅವಳ ಮನೆಗೆ ಹೋದ ದಿನವೇ ಮೈಸೂರು ಕಡೆಯ ಹುಡುಗಿಯೊಬ್ಬಳು ಟ್ಯಾಬ್ ಹಿಡಿದು ಬಂದಳು.

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮೊದಲ ವಾಕ್ಯಕ್ಕೇ ಕೈಹಾಕಿ ರೂಢಿಯಾದವಳು ನಾನು. ಬಿಡಲಿಲ್ಲ.

“ಯಾವ ಊರಿಗೆ ಪಾಠ, ಯಾವ ಊರಿಗೆ ಬರೇ ಪ್ರಶ್ನೆ ಅಂತ ಯಾರ್ರಿ ಠರಾಯಿಸಿದ್ದು?”

“ಚೀಟಿ ಎತ್ತಿದ್ದು. ಇಲ್ಲಾಂದ್ರೆ ಪಾಠದಿಂದಾನೇ ಉಪಯೋಗ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?”

“ಅಂದ್ರ ನಮ್ಮ ಹುಡುಗ ನಿಮ್ಮ ತಕ್ಕಡಿಗೆ ಕಲ್ಲೇನು?”

“ಏ ವಕೀಲಕಿ,” ಅತ್ತೆ ಒಳಗಿನಿಂದ ಕೂಗಿದರು. “ಬಂದಾಕಿಗೆ ಮೊದಲ ಚಾ ಕುಡಿಸು, ಆಮ್ಯಾಲೆ ಜಗಳಾ ಮಾಡು.”

ಚಹಾ ಆಯಿತು. ಅತ್ತೆಯೂ ಬಂದು ಕಂಬಕ್ಕೆ ಒರಗಿ ಕುಳಿತರು. ಹುಡುಗಿ ಓದಿದಳು: “ಮಗುವಿನ ಬಗ್ಗೆ ನಿಮಗೆ ಎಷ್ಟು ಕಾಳಜಿ ಇದೆ? ತುಂಬಾ, ಸ್ವಲ್ಪ, ಇಲ್ಲವೇ ಇಲ್ಲ.”

ಅಕ್ಕ ಅತ್ತೆಯ ಕಡೆ ನೋಡಿ, ಮಗನನ್ನು ತೊಡೆಗೆ ಎಳೆದುಕೊಂಡು, “ಏನೂ ಕಾಳಜಿ ಇಲ್ರಿ,” ಅಂದಳು.

ಹುಡುಗಿಯ ಬೆರಳು ನಿಂತಿತು. “ಸ್ವಲ್ಪನೂ ಇಲ್ವಾ?”

“ಒಂದ್ ಚೂರೂ ಇಲ್ರಿ!”

ಕೆಲವು ದಿನಗಳ ಮೇಲೆ, ನಾನಿನ್ನೂ ಅಲ್ಲೇ ಇದ್ದಾಗ, ವಿಶ್ವವಿದ್ಯಾಲಯದವರ ಫೋನ್ ಬಂತು. ಅಕ್ಕ ಹಿಟ್ಟು ನಾದುತ್ತಿದ್ದಳು, ಸ್ಪೀಕರ್ ನಾನೇ ಹಾಕಿದೆ. ಮಗುವಿನ ಬಗ್ಗೆ ಕಾಳಜಿ ಇಲ್ಲ ಎಂದಿದ್ದೀರಿ, ಅದಕ್ಕೆ ಆಪ್ತಸಮಾಲೋಚಕರನ್ನು ಕಳಿಸುತ್ತಿದ್ದೇವೆ ಎಂದರು.

“ಕಾಳಜಿ ಇಲ್ಲಂದ್ರ ಚಲೋನ ಆತಲ್ಲ,” ಅತ್ತೆ ನಕ್ಕರು. “ಅದಕ್ಕೂ ಡಾಕ್ಟರ್ ಬೇಕೇನ?”

ನನಗೆ ನಗು ಬರಲಿಲ್ಲ. ನಮ್ಮ ಕಡೆ ಕಾಳಜಿ ಎಂದರೆ ಚಿಂತೆ. ಆ ಹುಡುಗಿಯ ಕನ್ನಡದಲ್ಲಿ ಅದು ಅಕ್ಕರೆ, ಜೋಪಾನ. ಬಿಡಿಸಿ ಹೇಳಿದೆ. ಅಕ್ಕ ಹಿಟ್ಟಿನ ಕೈಯಲ್ಲೇ ಗೋಡೆಗೆ ಆತುಕೊಂಡಳು.

“ಕೂಸಿನ ಮ್ಯಾಲ ನನಗ ಜೀವಾನ ಇಲ್ಲ ಅಂತ ಬರಕೊಂಡ್ರೇನ? ಅವ ಮಾತಾಡವಲ್ಲ ಅನ್ನೂದಕ್ಕ ನಾನ ಕಾರಣ ಅಂತಾರ ಈಗ.”

ಅತ್ತೆಯ ನಗು ನಿಂತಿತ್ತು. ಅಕ್ಕನ ಮುಖ ಮಾತ್ರ ನೋಡುತ್ತಿದ್ದರು.

ಸಮಾಲೋಚಕರು ಬರುವ ತನಕ ಅಕ್ಕ ಸರಿಯಾಗಿ ಉಣ್ಣಲಿಲ್ಲ. ನಾನು ಊರಿಗೆ ಹೊರಡುವುದನ್ನು ಮುಂದೂಡಿ ವಾದ ಕಟ್ಟಿದೆ, ಒಡೆದೆ, ಮತ್ತೆ ಕಟ್ಟಿದೆ. ಈ ಸಲ ಪಣಕ್ಕಿದ್ದದ್ದು ಪ್ರಶಸ್ತಿಪತ್ರವಲ್ಲ, ಅಕ್ಕನ ಹೆಸರು.

ಕಟ್ಟಿದ್ದೆಲ್ಲ ಬೇಕಾಗಲೇ ಇಲ್ಲ. ಸಮಾಲೋಚಕಿ ಸವಣೂರಿನವರು, ಮನೆಮಾತು ಉರ್ದು. ನಾನು ಅರ್ಧ ಹೇಳುವಷ್ಟರಲ್ಲಿ ತಲೆಗೆ ಕೈಹಚ್ಚಿದರು. “ಅಯ್ಯ, ನಾನೂ ನಮ್ಮಮ್ಮಗ ದಿನಾ ‘ಕಾಳಜಿ ಮಾಡಬ್ಯಾಡ’ ಅಂತೇನಿ. ಈ ಪ್ರಶ್ನೆ ಬರದವರು ಒಮ್ಮೆ ನಮ್ಮ ಬಸ್ಸಿನಾಗ ಕುಂತಿದ್ರ ಸಾಕಿತ್ತು.” ಜೊತೆಗೆ ಬಂದಿದ್ದ ಟ್ಯಾಬಿನ ಹುಡುಗಿ ಮುಖ ಕೆಂಪಾಗಿ, ಉತ್ತರವನ್ನು ತಿದ್ದಿಸುತ್ತೇನೆ ಎಂದಳು. ನಾನು ಗೆದ್ದಿದ್ದೆ.

ಆದರೆ ಸಮಾಲೋಚಕಿ ಏಳಲಿಲ್ಲ. ಅಕ್ಕನ ಕಡೆ ಸರಿದು ಕುಳಿತು, ದನಿ ಇಳಿಸಿ, “ಈಗ ನಮ್ಮ ಮಾತಿನಾಗ ಕೇಳ್ತೇನ್ರಿ. ಕಾಳಜಿ ಐತೇನು?” ಅಂದರು.

ಅಕ್ಕ ಈ ಸಲ ಅತ್ತೆಯನ್ನು ನೋಡಲಿಲ್ಲ. “ಐತ್ರಿ,” ಅಂದಳು. “ಹಿಂದಿಂದ ಕರದ್ರ ಹೊಳ್ಳಿ ನೋಡವಲ್ಲ. ಕಿವಿ ಕೇಳತಾವೋ ಇಲ್ಲೋ ಅಂತ.”

ಇದು ನನಗೂ ಗೊತ್ತಿರಲಿಲ್ಲ.

ಸೋಮವಾರ ಹಾವೇರಿಗೆ ಹೋಗಿ ಕಿವಿ ತೋರಿಸಬೇಕೆಂದು ಹೇಳಿ ಅವರು ಹೊರಟರು. ಅಂಗಳದ ಬಿಸಿಲಲ್ಲಿ ಹುಡುಗ ಬಾಟಲಿಯ ಮುಚ್ಚಳಗಳನ್ನು ಜೋಡಿಸುತ್ತಿದ್ದ. ಅತ್ತೆ ಒಳಗಿನಿಂದ ಉಣ್ಣುವ ಗಂಗಾಳ ತಂದು, ಅವನ ಬೆನ್ನ ಹಿಂದೆ ನಿಂತು, ಕಲ್ಲಿನ ಮೇಲೆ ಬಿಟ್ಟರು. ಓಣಿಯೆಲ್ಲ ಸದ್ದಾಯಿತು.

ಅವನು ತಿರುಗಿದ.

“ಕೇಳ್ತಾವ! ಕೇಳ್ತಾವ ನೋಡ!” ಅತ್ತೆಯ ದನಿ ನಡುಗುತ್ತಿತ್ತು.

ಅಕ್ಕ ನನ್ನ ಮುಖ ನೋಡಿದಳು. ಗಂಗಾಳ ಬೀಳುವ ಮೊದಲೇ ಅತ್ತೆಯ ನೆರಳು ಅವನ ಮುಚ್ಚಳಗಳ ಮೇಲೆ ಸರಿದಿದ್ದನ್ನು ನಾನು ನೋಡಿದ್ದೆ. ಅವನು ತಿರುಗಿದ್ದು ಸದ್ದಿಗೋ, ನೆರಳಿಗೋ.

“ತಿರುಗಿದ,” ಎಂದೆ. ಅಷ್ಟು ಮಾತ್ರ ನಿಜವಾಗಿತ್ತು.