ಒಳಕೋಣೆಯ ಕೈಮಷಿನುಗಳು

ನನ್ನ ಗಂಡ ಹೊನ್ನಾವರದ ಪೇಟೆಯಲ್ಲಿ ದರ್ಜಿ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಪರದೇಶದಿಂದ ಹೊಸ ಹೊಲಿಗೆ ಮಷಿನು ಬರುವುದು ನಿಂತುಹೋಯಿತು. ಅಂಗಡಿಯ ಮಷಿನಿಗೆ ಬಿಡಿಭಾಗ ಬೇಕಲ್ಲ ಎಂದು ಅವರು ಹಳೆಯ ಕೈಮಷಿನುಗಳನ್ನು ಹುಡುಕಿ ತರತೊಡಗಿದರು. ತಂದ ಮೇಲೆ ಬಿಚ್ಚಲು ಮನಸ್ಸು ಬರುತ್ತಿರಲಿಲ್ಲ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಹಿಡಿ ತಿರುಗಿಸಿ ಸದ್ದು ಕೇಳಿ, "ಇದನ್ನ ಬಿಚ್ಚೂದು ಬ್ಯಾಡ" ಎಂದು ಒಳಕೋಣೆಗೆ ಸೇರಿಸುತ್ತಿದ್ದರು. ಕುಮಟೆಯಿಂದ ಒಂದು, ಇಡಗುಂಜಿಯ ದಾರಿಯ ಮನೆಯಿಂದ ಒಂದು, ಹೀಗೆ ಕೋಣೆ ತುಂಬಿತು. ಅಕ್ಕಿ ಇಡಲೂ ಜಾಗವಿಲ್ಲ ಎಂದು ನಾನು ಗೊಣಗುತ್ತಿದ್ದೆ. ಆದರೆ ಬಂದವರಿಗೆ ತೋರಿಸಿ ಬೀಗುತ್ತಲೂ ಇದ್ದೆ.

ಭಟ್ಕಳದ ಒಂದು ನವಾಯತ ಮುಸ್ಲಿಮರ ಮನೆಯಲ್ಲಿ ಚೆಂದದ ಮಷಿನಿದೆ, ಕೊಡುತ್ತಾರಂತೆ ಎಂದು ಯಾರೋ ಹೇಳಿದರು. ಆ ಮನೆಯ ಯಜಮಾನರು ಸಿಂಹಳದಲ್ಲಿ ಅಂಗಡಿ ಇಟ್ಟವರು. ಯುದ್ಧದಿಂದಾಗಿ ಅವರ ಸುದ್ದಿಯೂ ಇರಲಿಲ್ಲ, ಹಣವೂ ಬರುತ್ತಿರಲಿಲ್ಲ. ಹೆಂಗಸರೇ ಇರುವ ಮನೆಯೊಳಗೆ ಇವರು ಹೋಗುವಂತಿರಲಿಲ್ಲವಾದ್ದರಿಂದ ನನ್ನನ್ನು ಕರೆದುಕೊಂಡು ಹೋದರು. ಇವರು ಜಗಲಿಯಲ್ಲಿ ಕೂತರು, ನಾನು ಪರದೆ ಸರಿಸಿ ಒಳಗೆ ಹೋದೆ.

ಆ ಮನೆಯ ಮಗಳು, ಇನ್ನೂ ಚಿಕ್ಕ ಹುಡುಗಿ, ಮಷಿನಿನ ಮುಂದೆ ಕೂತು ಅಂಗಿಯ ತೋಳು ಹೊಲಿಯುತ್ತಿದ್ದಳು. ಬಟ್ಟೆ ತೆಗೆ ಎಂದು ತಾಯಿ ಅವರ ಭಾಷೆಯಲ್ಲಿ ಹೇಳಿದರು. ಕೊಂಕಣಿಗೆ ಹತ್ತಿರದ ಮಾತು, ನನಗೆ ತಿಳಿಯಿತು. ಹುಡುಗಿ ನೂಲು ಕತ್ತರಿಸಿ, ಅರ್ಧ ಹೊಲಿದ ತೋಳನ್ನು ಕೈಯಲ್ಲಿ ಹಿಡಿದು ಎದ್ದು ನಿಂತಳು. ಇವರು ಹೇಳಿಕೊಟ್ಟಂತೆ ನಾನು ಹಿಡಿ ತಿರುಗಿಸಿ ನೋಡಿದೆ. ಹಿಡಿ ಇನ್ನೂ ಬೆಚ್ಚಗಿತ್ತು.

"ಆತು, ಚಲೋ ಅದೆ" ಎಂದು ಹೊರಗೆ ಕೂಗಿದೆ. ಇವರು ಚೌಕಾಸಿ ಮಾಡದೆ ಕೊಂಡರು.

ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ, ಶರಾವತಿ ದಾಟಿಸುವ ತಾರಿದೋಣಿಯಲ್ಲಿ, ಮಷಿನು ನನ್ನ ತೊಡೆಯ ಮೇಲೇ ಇತ್ತು. ಮನೆಗೆ ಬಂದರೂ ಅನ್ನ ಸೇರಲಿಲ್ಲ.

"ಹುಡುಗಿ ಹೊಲೀತಾ ಇತ್ತು. ನಾವು ಹೋಗಿ ಎಬ್ಬಿಸಿದ್ದು" ಎಂದೆ.

"ಅವರೇ ಕೊಟ್ಟದ್ದಲ್ವ? ನಾವೆಂತ ಕಸ್ಕಂಡ್ ಬಂದದ್ದಾ?"

 ಆದರೆ ಇವರು ಕೆಲಸದ ಮೇಲೆ ಕುಮಟೆಗೆ ಹೋದ ದಿನ ಆ ಮಷಿನನ್ನು ಕೂಲಿಯವನಿಂದ ಹೊರಿಸಿಕೊಂಡು ತಾರಿ ದಾಟಿ, ಮತ್ತೆ ಭಟ್ಕಳಕ್ಕೆ ಹೋದೆ.

ತಾಯಿ ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಬಿಗಿದುಕೊಂಡಿತು. "ನಾವು ಮಾರಿದ್ದು ತಂಗೀ. ನಮಗೆ ದಾನ ಕೊಡೂಕೆ ಬಂದ್ಯಾ?"

 "ದಾನ ಅಲ್ಲ ಅಮ್ಮಾ. ನಮ್ಮನೇಲಿ ಇಡೂಕೆ ಜಾಗ ಇಲ್ಲ. ಅಂಗಡೀಲಿ ಕೆಲ್ಸನೂ ಜಾಸ್ತಿ. ರವಕೆ ಕತ್ರಿಸಿ ಕಳಿಸ್ತೆ, ನಿಮ್ಮ ಹುಡುಗಿ ಹೊಲಿದು ಕೊಡ್ಲಿ. ಮಜೂರಿ ಕೊಡ್ತೆ" ಎಂದೆ.

ಜಾಗವಿಲ್ಲದ್ದು ನಿಜ. ಕೆಲಸ ಜಾಸ್ತಿ ಎಂದದ್ದು ಸುಳ್ಳು. ಬಟ್ಟೆಗೆ ರೇಷನ್ ಬಂದು ಅಂಗಡಿ ಅರೆಹೊತ್ತು ಖಾಲಿ ಇರುತ್ತಿತ್ತು.  ಹುಡುಗಿ ಆಗಲೇ ಸೆರಗಿನಿಂದ ಮಷಿನಿನ ಧೂಳು ಒರೆಸುತ್ತಿದ್ದಳು. ಅದನ್ನು ನೋಡಿ ತಾಯಿ, "ಕೆಲ್ಸ ಆದ್ರೆ ಮಾಡೂದೇ" ಎಂದು ಚಾ ತರಿಸಿದರು.

ಇವರು ಕುಮಟೆಯಿಂದ ಬಂದು ಮೊದಲು ಒಳಕೋಣೆಗೇ ಹೋದರು. ಅಷ್ಟು ಮಷಿನುಗಳ ನಡುವೆ ಒಂದಿಲ್ಲದ್ದು ಕೂಡಲೇ ಕಂಡಿತು. ಬೈಗುಳಕ್ಕೆ ಸಿದ್ಧಳಾಗಿ ನಡೆದದ್ದನ್ನು ಹೇಳಿದೆ.

"ಒಂದು ಮಾತು ಕೇಳಿದ್ರೆ ನಾನೇ ಹೊತ್ಕಂಡ್ ಹೋಗಿ ಕೊಡ್ತಿದ್ನಲ್ಲ" ಎಂದರು, ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು. ಇಷ್ಟು ವರ್ಷ ಜೊತೆಗಿದ್ದೂ ಅವರು ಒಪ್ಪಲಿಕ್ಕಿಲ್ಲವೆಂದು ನಾನೇ ತೀರ್ಮಾನಿಸಿ, ಕದ್ದವಳಂತೆ ಹೋಗಿಬಂದಿದ್ದೆ.

ಅಂಗಡಿಯ ಹೊಲಿಗೆಯಲ್ಲಿ ನಾನು ಹೊಲಿಯುತ್ತಿದ್ದ ನನ್ನ ಪಾಲಿನ ರವಕೆಗಳನ್ನು ಭಟ್ಕಳಕ್ಕೆ ಕಳಿಸುತ್ತ ಬಂದೆ. ಮಳೆಗಾಲ ಕಳೆದ ಮೇಲೆ ಮಷಿನು ಕೆಟ್ಟಿತೆಂದು ಹೇಳಿಕಳಿಸಿದಾಗ ಇವರೇ ಹೋಗಿ ಜಗಲಿಯಲ್ಲಿ ಕೂತು ರಿಪೇರಿ ಮಾಡಿದರು. ನೂಲು ಎಲ್ಲಿ ಕಡಿಯುತ್ತದೆ ಎಂದು ಹುಡುಗಿ ಪರದೆಯ ಹಿಂದಿನಿಂದ ಹೇಳಿದಳಂತೆ.

"ಆ ಹುಡುಗಿ ಹೊಲಿಗೆ ನಿಂದಕ್ಕಿಂತ ಚಲೋ ಅದೆ" ಎಂದು ನಕ್ಕರು.

ಯುದ್ಧ ಮುಗಿದ ಮೇಲೆ ಅವಳ ತಂದೆ ಬಂದರು, ಅವಳಿಗೆ ಮದುವೆಯೂ ಆಯಿತು. ಮಷಿನು ಅವಳ ಜೊತೆಗೇ ಹೋಯಿತು.

ಉಳಿದವು ನಮ್ಮಲ್ಲೇ ಇದ್ದವು. ಅವು ಯಾರ ಮನೆಯವು ಎಂದು ಇವರನ್ನು ಒಮ್ಮೆ ಕೇಳಿದೆ. ಒಂದೆರಡರ ಊರು ಹೇಳಿದರು. ಉಳಿದವುಗಳದು ಅವರಿಗೂ ಮರೆತಿತ್ತು. ಅವುಗಳ ಮುಂದಿನಿಂದ ಯಾರು ಯಾರು ಎದ್ದಿದ್ದರೋ ಎಂದು ಮತ್ತೆ ಕೇಳಲು ನನಗೆ ಧೈರ್ಯ ಬರಲಿಲ್ಲ.