ಅರ್ಧ ಮೀಟರಿನ ಮರಳು

ಈಶಾನ್ಯ ಚೀನಾದ ಎಣ್ಣೆ ಬಯಲಿನಲ್ಲಿ ಚೂ ದೆಲಿನ್ ಒಂಬತ್ತು ವರ್ಷ ಒಂದೇ ಕೊಳವೆಯ ಬೆನ್ನು ಹತ್ತಿದ್ದ. ಬಾವಿಗೆ ಇಳಿಸಿ, ಮಣ್ಣು ಸೂಸುವ ಗಾಮಾ ಕಿರಣ ಅಳೆಯುವ ಕೊಳವೆ ಅದು. ಜೇಡಿಮಣ್ಣಿನಲ್ಲಿ ಕಿರಣ ಹೆಚ್ಚು, ಎಣ್ಣೆ ಕೂರುವ ಮರಳಿನಲ್ಲಿ ಕಡಿಮೆ. ಹಳೆಯ ಕೊಳವೆಗೆ ತೆಳು ಮರಳು ಮಸುಕಾಗಿ ಕಾಣುತ್ತಿತ್ತು, ವೇಗವಾಗಿ ಎಳೆದರೆ ಅದೂ ಇಲ್ಲ. ತೆಳು ಪದರವೂ ಬೇರೆಯಾಗಿ ಕಾಣಲೆಂದು ಚೂ ಒಳಗಿನ ಕಿರಣ ಹಿಡಿಯುವ ಹರಳನ್ನು ಬೆರಳುದ್ದಕ್ಕೆ ಇಳಿಸಿದ. ಚಿಕ್ಕ ಹರಳಿಗೆ ಸಿಗುವ ಕಿರಣ ಕಡಿಮೆ, ಹಾಗಾಗಿ ಕೊಳವೆ ಕಟ್ಟಿದ ತಂತಿಯನ್ನು ನಿಧಾನ ಮೇಲೆಳೆಯಬೇಕು.

"ನಿನ್ನ ಕೊಳವೆಗಿಂತ ನಮ್ಮತ್ತೆ ಬೇಗ ನಡೀತಾಳಪ್ಪಾ" ಎಂದು ತಂತಿ ಎಳೆಯುವ ಲುವಾನ್ ಹಂಗಿಸುತ್ತಿದ್ದ.

ಪರೀಕ್ಷೆಗೆ ಚೂ ಆರಿಸಿದ್ದು ಇಪ್ಪತ್ತು ವರ್ಷದ ಹಿಂದೆ ಕೈಬಿಟ್ಟ ಬಾವಿ. ಆಗ ಅದನ್ನು ಅಳೆದವನೂ ಅವನೇ. ಹೆಚ್ಚು ಬಾವಿ ಅಳೆದವರಿಗೆ ಕೊಡುವ ಕೆಂಪು ಬಾವುಟಕ್ಕಾಗಿ ತಂಡತಂಡಗಳ ನಡುವೆ ಪೈಪೋಟಿಯಿದ್ದ ಆ ಚಳಿಗಾಲದಲ್ಲಿ, ಅವನು ನಿಯಮಕ್ಕಿಂತ ಮೂರು ಪಟ್ಟು ವೇಗದಲ್ಲಿ ತಂತಿ ಎಳೆಸಿದ್ದ. ಅಳತೆ ಮೂಡಿಸುವ ಕಾಗದದ ಗೆರೆ ಬರೀ ಜೇಡಿ ಎಂದಿತು. ಭೂವಿಜ್ಞಾನಿ ಬಿಯೆನ್ ಮಾತ್ರ ಇಲ್ಲಿ ಎರಡು ಪದರ ಮರಳಿದೆ, ಇನ್ನೂ ಖರ್ಚು ಮಾಡಿ ನೋಡೋಣ ಎಂದು ಪಟ್ಟು ಹಿಡಿದರು. ದೇಶದ ಸೊತ್ತು ಹಾಳುಮಾಡುವವನೆಂದು ಮೇಲಿನವರು ಅವರನ್ನು ಸಭೆಯಲ್ಲಿ ನಿಲ್ಲಿಸಿ ಛೀಮಾರಿ ಹಾಕಿ, ಹಂದಿ ಸಾಕಲು ಅಟ್ಟಿದರು. ಎರಡನೇ ಚಳಿಗಾಲಕ್ಕೆ ಅಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡರು. ಚೂಗೆ ಬಾವುಟ ಸಿಕ್ಕಿತು. ಬಾಯಿಗೆ ಬೀಗ ಹಾಕಿ ಕೂತ ಅವನನ್ನು ಒಳ್ಳೆಯವನೆನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಈಗ ಗೆರೆ ಎರಡು ಕಡೆ ಸ್ಪಷ್ಟವಾಗಿ ಬಾಗಿತು. ಅರ್ಧರ್ಧ ಮೀಟರಿನ ಎರಡು ಮರಳು ಪದರ. ಲುವಾನ್ ಚಪ್ಪಾಳೆ ತಟ್ಟಿದ. ಚೂ ಕುಸಿದು ಕೂತು ಗಳಗಳನೆ ಅತ್ತುಬಿಟ್ಟ.

ಮರುದಿನ ಆ ಕಾಗದ ಹಿಡಿದು ಬಿಯೆನ್‌ರ ಹೆಂಡತಿ ಗುಯಿಜೆನ್ ಮನೆಗೆ ಹೋದ. ಆಕೆ ಒಳಗೆ ಒಲೆಯ ಬಿಸಿ ಹಾಯುವ ಬೆಚ್ಚನೆಯ ಇಟ್ಟಿಗೆ ಜಗಲಿಯ ಮೇಲೆ ಕೂತು ಹುಳಿ ಬರಿಸಿದ ಎಲೆಕೋಸು ಹೆಚ್ಚುತ್ತಿದ್ದಳು.

"ಅತ್ತಿಗೆ, ಅಣ್ಣ ಹೇಳಿದ್ದೇ ನಿಜ. ಅವತ್ತು ನಾನು ತಂತೀನ ಓಡಿಸ್ಬಿಟ್ಟಿದ್ದೆ. ಯಾರಿಗೂ ಹೇಳ್ಲಿಲ್ಲ."

"ಅವರಿಗೆ ಗೊತ್ತಿತ್ತು ಕಣೋ" ಎಂದಳು ಆಕೆ. "ಗೆರೆ ಓದೋರಿಗೆ ವೇಗ ತಿಳಿಯಲ್ವಾ? ಸಭೇಲಿ ಹೇಳ್ರೀ ಅಂತ ಗೋಗರೆದೆ. 'ಹೇಳಿದ್ರೆ ದೆಲಿನ್‌ನ ಅಟ್ತಾರೆ, ಅವನ ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ' ಅಂದ್ರು."

ಆಕೆಯ ಚಾಕು ನಿಂತಿತ್ತು.

"ನೀನಾಗೇ ಒಂದ್ಸಲ ನೋಡೋಕೆ ಬರ್ತೀಯ ಅಂದ್ಕೊಂಡಿದ್ರು. ಹಂದಿಮನೆ ಬಾಗಿಲು ಸದ್ದಾದ್ರೆ ಸಾಕು, 'ದೆಲಿನ್ ಬಂದ್ನಾ?' ಅಂತ ಕೇಳೋರು. ಸಾಯೋ ದಿನಾನೂ ಕೇಳಿದ್ರು."