ಎರಡನೇ ರೆಕಾರ್ಡಿನ ಗುಂಯ್ ಸದ್ದು

ತಾಮ್ರದ ಗಣಿಯೂರಿನ ಚಿವೆಂಪಾಲಾ ಮಾರ್ಕೆಟ್ಟಿನಲ್ಲಿ ಡಿಸ್ಮಾಸ್ ಬ್ವೆಂಬ್ಯಾನ ರೇಡಿಯೋ ಅಂಗಡಿಗೆ ರಿಪೇರಿಗೆ ಬರುವವರಿಗಿಂತ ಜಗಳಕ್ಕೆ ಬರುವವರೇ ಹೆಚ್ಚು. ಶನಿವಾರ ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ ಎನ್ಶಿಮಾ ಉಂಡು ಕೈ ತೊಳೆದದ್ದೇ ತಡ, ಒಬ್ಬೊಬ್ಬರಾಗಿ ಬಂದು ಬಾಗಿಲ ಮುಂದಿನ ಖಾಲಿ ಬಿಯರ್ ಕ್ರೇಟುಗಳ ಮೇಲೆ ಕೂರುತ್ತಾರೆ. ಜೋಳದ ಹುಳಿ ಬಿಯರು ಚಿಬುಕುವಿನ ಡಬ್ಬವನ್ನು ಕುಲುಕಿ, ಮೂಲೆ ಹರಿದು, ಕೈಯಿಂದ ಕೈಗೆ ದಾಟಿಸುತ್ತಾರೆ. ಆಮೇಲೆ ಶುರು: ರಾಕ್ ಸಂಗೀತದಲ್ಲಿ ಯಾವ ಕಾಲ ದೊಡ್ಡದು, ಯಾವ ಶೈಲಿ ಮೇಲು? ತಾಮ್ರದ ಬೆಲೆ ಏರಿತು, ಇಳಿಯಿತು, ಗಣಿ ಯಾರ್ಯಾರದೋ ಕೈ ಸೇರಿತು. ನಲವತ್ತು ವರ್ಷದ ಈ ಜಗಳ ಮಾತ್ರ ಕೂತಲ್ಲಿಂದ ಕದಲಲಿಲ್ಲ.

ಅವರ ಪಾಲಿಗೆ ರಾಕ್ ಎಂದರೆ ಚುಲು ಬ್ಯಾಂಡು. ಚುಲು ಅಂದರೆ ಹುತ್ತ. ನಾಲ್ಕು ಜನ ಗಣಿ ಹುಡುಗರು ಕಟ್ಟಿದ್ದು. ಎಪ್ಪತ್ತೈದರಲ್ಲಿ ಒಂದು ರೆಕಾರ್ಡು, ಎಪ್ಪತ್ತೇಳರಲ್ಲಿ ಇನ್ನೊಂದು, ಅಲ್ಲಿಗೆ ಮುಗಿಯಿತು. ಮೊದಲನೆಯದು ಇಂಗ್ಲಿಷಿನಲ್ಲಿ, ತಲೆ ಕೆಟ್ಟ ಓಟದಲ್ಲಿ. ಕಪಂಬ್ವೆ ಸಂಪಾನ ಗಿಟಾರು ಉಸಿರು ತೆಗೆದುಕೊಳ್ಳಲೂ ಬಿಡುವುದಿಲ್ಲ. ಎರಡನೆಯದು ಬೆಂಬಾ ಮಾತಿನಲ್ಲಿ. ಅಲ್ಲಿ ಡೋಲು ಮುಂದೆ, ಗಿಟಾರು ಹಿಂದೆ. ಅದೇ ಕಪಂಬ್ವೆ ಒಂದು ಸ್ವರ ನುಡಿಸಿ, ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕೇಳುವವರನ್ನು ಕಾಯಿಸುತ್ತಾನೆ. ಎರಡರ ನಡುವೆ ಆ ಮನುಷ್ಯನಿಗೆ ಏನಾಯಿತು? ಚಿಬುಕು ಖಾಲಿಯಾಗುತ್ತಿದ್ದುದು ಈ ಪ್ರಶ್ನೆಯ ಮೇಲೆ.

"ಮೊದಲ್ನೇ ರೆಕಾರ್ಡು ಗಂಡಸು. ಎರಡ್ನೇದು ಮದುವೆ ಆದ್ಮೇಲಿನ ಗಂಡಸು," ಎನ್ನುತ್ತಿದ್ದ ಯೋತಾಮ್ ಶೋಂಗಾ. ಗಣಿಯಲ್ಲಿ ಬಂಡೆ ಕೊರೆದು ಕೊರೆದು ಅರ್ಧ ಕಿವುಡಾಗಿದ್ದವನು. ಆದ್ದರಿಂದ ಅವನ ಗುಟ್ಟೂ ಇಡೀ ಮಾರ್ಕೆಟ್ಟಿಗೆ ಕೇಳುತ್ತಿತ್ತು.

"ನಿನ್ ಹೆಂಡ್ತೀನ ಕೇಳು ಮುದಾಲಾ, ಮುದುಕಪ್ಪಾ, ಮದುವೆಗೆ ಮುಂಚೇನೂ ಅಂಥದ್ದೇನಿರಲಿಲ್ಲ ಅಂತಾಳೆ," ಎಂದು ಪಕ್ಕದ ಅಂಗಡಿಯಿಂದ ಮೇಬಲ್ ಎನ್ಕಾಂಡು ಚಿಟೆಂಗೆ ಬಟ್ಟೆ ಮಡಚುತ್ತಲೇ ಕುಟುಕುತ್ತಿದ್ದಳು. "ಸೊಂಟ ಕುಣಿಸೋ ಹಾಡು ಯಾವ್ದೋ ಅದೇ ಒಳ್ಳೇದು. ಎರಡ್ನೇದಕ್ಕೆ ಕುಣೀಬಹುದು. ಮೊದಲ್ನೇದಕ್ಕೆ ಜ್ವರ ಬಂದೋರ ಥರ ನಡುಗ್ಬೇಕು, ಅಷ್ಟೇ."

ನಿವೃತ್ತ ಮೇಷ್ಟ್ರು ಕಟೊಂಗೊ ಕನ್ನಡಕ ಒರೆಸಿಕೊಳ್ಳುತ್ತಿದ್ದರು. "ಅದು ಪಕ್ವವಾದ ಕಲೆ ಕಣ್ರಯ್ಯಾ. ಬಿಳಿಯರ ಅನುಕರಣೆ ಸಾಕು ಅನ್ನಿಸಿ ಕಪಂಬ್ವೆ ತನ್ನ ಮಣ್ಣಿಗೆ ಬಂದ."

"ಮಣ್ಣಿಗೆ ಬಂದ್ನಾ, ಮಣ್ಣು ತಿಂದ್ನಾ? ರೆಕಾರ್ಡು ಮಾಡೋರು ಒಂದು ಸೂಟು ಹೊಲಿಸ್ಕೊಟ್ರು, ಇವನು ಬೆರಳು ಮಡಚಿಟ್ಟ. ಹೇಡಿ! ಅಂಥಾ ಕೈ ಇಟ್ಕೊಂಡು ಹೆದರಿ ನುಡಿಸ್ದ, ಹೇಡಿ!" ಆಮೇಲೆ ಶೋಂಗಾ ಒಳಕ್ಕೆ ಕತ್ತು ಚಾಚುತ್ತಿದ್ದ. "ನೀನೇ ಹೇಳೋ ಮುನುಂಗ್ವೆ, ಕೋತಿ ತಿನ್ನೋನೇ. ನೀನು ಅಲ್ಲಿದ್ದೋನು."

ಡಿಸ್ಮಾಸ್ ಬೆಂಬಾ ಬುಡಕಟ್ಟಿನವನು, ಶೋಂಗಾ ಅಂಗೋನಿ. ಈ ಎರಡು ಬುಡಕಟ್ಟುಗಳ ನಡುವೆ ಅಜ್ಜಂದಿರು ಹಿಂದೆ ಯುದ್ಧ ಮಾಡಿ, ಸಾಕಾಗಿ, ಅದನ್ನು ಕೀಟಲೆಯ ನಂಟಾಗಿ ತಿರುಗಿಸಿಟ್ಟಿದ್ದಾರೆ. ಮುನುಂಗ್ವೆ ಅಂದರೆ ಆ ಕೀಟಲೆಯ ನೆಂಟ. ಅವನು ನಿಮ್ಮನ್ನು ಕೋತಿ ತಿನ್ನುವವನು ಅನ್ನಬಹುದು, ನೀವು ಅವನನ್ನು ಇಲಿ ತಿನ್ನುವವನು ಅನ್ನಬಹುದು, ಇಬ್ಬರೂ ಮುನಿಯುವಂತಿಲ್ಲ. ಅವನ ಬಾಯಿಂದ ಬಂದ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ.

"ನಾನು ವೈರ್ ಎಳೆಯೋನು," ಎನ್ನುತ್ತಿದ್ದ ಡಿಸ್ಮಾಸ್. "ಹಾಡಿನ ವಿಷಯ ನಂಗೇನು ಗೊತ್ತು, ಇಲಿ ತಿನ್ನೋನೇ?"

ಚುಲು ಬ್ಯಾಂಡಿನ ಆಂಪ್ಲಿಫೈಯರ್ ನೋಡಿಕೊಳ್ಳುತ್ತಿದ್ದವನು ಅವನು. ನಾಲ್ವರು ವಾದಕರೂ ಏಡ್ಸಿನಿಂದ ಮನೆಮನೆಯಲ್ಲಿ ಸಾವಾದ ಆ ಕೆಟ್ಟ ವರ್ಷಗಳಲ್ಲಿ, ಎಂಬತ್ತೇಳರಿಂದ ತೊಂಬತ್ತಮೂರರೊಳಗೆ, ಒಣಗಿ ಕಡ್ಡಿಯಾಗಿ ಹೋದರು. ಉಳಿದದ್ದು ಎರಡು ರೆಕಾರ್ಡು, ಮತ್ತು ಇವನು. ಮೊದಲನೆಯದರ ಮೂರನೇ ಹಾಡಿನಲ್ಲಿ ಡೋಲಿನವನು ಕೆಮ್ಮಿದ್ದು ಈಗಲೂ ಕೇಳುತ್ತದೆ. ಆ ಕೆಮ್ಮು ಬಂದಾಗಲೆಲ್ಲ ಡಿಸ್ಮಾಸ್ ತಲೆ ಎತ್ತಿ ನೋಡುತ್ತಾನೆ. ನಲವತ್ತು ವರ್ಷವಾದರೂ ಅಭ್ಯಾಸ ಹೋಗಿಲ್ಲ.

ಎರಡನೇ ರೆಕಾರ್ಡಿನ ಕಾಟ ಬೇರೆ. ಅದರಲ್ಲಿ ಹಾಡಿಗೆ ಮೊದಲು ನಾಲ್ಕು ಸೆಕೆಂಡು ಬರೀ ಗುಂಯ್ ಎನ್ನುವ ಸದ್ದಿದೆ. ಮೇಷ್ಟ್ರು ಅದನ್ನು ಗಣಿಯೊಳಗಿನ ಗಾಳಿಯಂತ್ರದ ಸಂಕೇತ ಎಂದು ವಿವರಿಸುತ್ತಿದ್ದರು. ಮೇಬಲ್ ಜೇನುಹುಳ ಎನ್ನುತ್ತಿದ್ದಳು. ಆ ನಾಲ್ಕು ಸೆಕೆಂಡು ಬಂತೆಂದರೆ ಡಿಸ್ಮಾಸ್‌ಗೆ ಸೀಸದ ಬೆಸುಗೆ ತಂತಿ ಹುಡುಕುವ ನೆಪ ಸಿಕ್ಕಿಬಿಡುತ್ತಿತ್ತು, ಎದ್ದು ಹಿಂದಿನ ಕತ್ತಲೆ ಕೋಣೆಗೆ ಹೋಗುತ್ತಿದ್ದ. ಅಲ್ಲಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದ. ಕಪಂಬ್ವೆ ಬೆನ್ನ ಹಿಂದೆ ನಿಂತಿದ್ದಾನೆ ಎಂದು ಅವನಿಗೆ ಖಂಡಿತವಾಗಿ ಗೊತ್ತಿರುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ.

ನಡೆದದ್ದು ಎಪ್ಪತ್ತಾರರ ಅಕ್ಟೋಬರಿನಲ್ಲಿ, ಗಣಿಯ ವೆಲ್‌ಫೇರ್ ಹಾಲಿನ ಹಿಂದಿನ ಉಗ್ರಾಣದಲ್ಲಿ. ಆಗ ಡಿಸ್ಮಾಸ್ ಇಪ್ಪತ್ತನಾಲ್ಕರ ಹುಡುಗ, ಗಣಿಯಲ್ಲಿ ಎಲೆಕ್ಟ್ರಿಶಿಯನ್. ಹೆಂಡತಿ ಬಸುರಿ, ಗಣಿ ಕೊಟ್ಟ ಎರಡು ಕೋಣೆಯ ಮನೆ. ಉಳಿದ ಮೂವರು ಬನ್ನು ತರಲು ಹೋಗಿದ್ದರು. ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು.

"ಈ ದರಿದ್ರ ಸದ್ದು ನನ್ನ ಹಾಡು ತಿಂತಾ ಇದೆ. ಏನಾದ್ರೂ ಮಾಡು ಡಿಸ್ಮಾಸ್," ಎಂದ ಕಪಂಬ್ವೆ.

ಏನು ಮಾಡಿದರೆ ಸದ್ದು ನಿಲ್ಲುತ್ತದೆಂದು ಬ್ಯಾಂಡುಗಳ ಹಿಂದೆ ತಿರುಗುವ ಎಲ್ಲ ವೈರಿನವರಿಗೂ ಗೊತ್ತಿತ್ತು, ಎಲ್ಲರೂ ಮಾಡುತ್ತಿದ್ದರು: ಪ್ಲಗ್ಗು ಬಿಚ್ಚಿ ಅರ್ಥಿಂಗಿನ ಹಸಿರು ತಂತಿ ಕತ್ತರಿಸುವುದು. ಅದು ಮಾಡಬಾರದ ಕೆಲಸ ಎಂದೂ ಎಲ್ಲರಿಗೂ ಗೊತ್ತಿತ್ತು. ಡಿಸ್ಮಾಸ್ ಕತ್ತರಿಸಿದ. ಗುಂಯ್ ನಿಂತಿತು. ಕಪಂಬ್ವೆ ನಕ್ಕು ಗಿಟಾರು ಎತ್ತಿಕೊಂಡ. ಪೆಟ್ಟಿಗೆಯೊಳಗೆ ಯಾವುದೋ ಹಳೇ ತಂತಿಯ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿತ್ತು. ಹಸಿರು ತಂತಿ ಇದ್ದಿದ್ದರೆ ಫ್ಯೂಸ್ ಹೋಗುತ್ತಿತ್ತು, ಅಷ್ಟೇ. ಅದಿಲ್ಲದೆ ಕರೆಂಟೆಲ್ಲ ಗಿಟಾರಿನ ತಂತಿಗೆ ಹರಿಯಿತು. ಕಪಂಬ್ವೆ ಹಾಡಲು ಮೈಕು ಹಿಡಿದನೋ ಇಲ್ಲವೋ, ಮೈ ಬಿಲ್ಲಿನಂತೆ ಬಾಗಿತು. ಎಡಗೈ ತಂತಿಗೆ ಕಚ್ಚಿಕೊಂಡಿತು. ಡಿಸ್ಮಾಸ್ ಪ್ಲಗ್ಗು ಕೀಳುವಷ್ಟರಲ್ಲಿ ಸುಟ್ಟ ಮಾಂಸದ ವಾಸನೆ ಬಂದಿತ್ತು.

ಇದ್ದಿಲ ಒಲೆ ಮೇಲೆ ಕೈ ಬಿತ್ತು ಎಂದು ಕಪಂಬ್ವೆ ಎಲ್ಲರಿಗೂ ಹೇಳಿದ. ಒಂದೂವರೆ ತಿಂಗಳಿಗೆ ಗಾಯ ಮಾಯಿತು. ಉಂಗುರದ ಬೆರಳು, ಕಿರುಬೆರಳು ಮಾತ್ರ ಮತ್ತೆ ಜೀವ ಹಿಡಿಯಲಿಲ್ಲ. ನೋಡಲು ಸರಿಯಾಗಿಯೇ ಇದ್ದವು, ಹೇಳಿದ ಮಾತು ಕೇಳುತ್ತಿರಲಿಲ್ಲ.

"ನಾನು ಹೋಗಿ ಹೇಳ್ಬಿಡ್ತೀನಿ," ಎಂದು ಡಿಸ್ಮಾಸ್ ಅತ್ತಿದ್ದ.

"ಹೇಳಿ? ನಿನ್ ಕೆಲ್ಸ ಹೋಗತ್ತೆ, ಮನೆ ಹೋಗತ್ತೆ. ನನ್ ಬೆರಳು ಬರತ್ತಾ? ಕುಂಟ ಕೈಯೋನು ಪಾಪ ಅಂತ ಜನ ನನ್ನ ನೋಡೋಕೆ ಬರೋದು ಬೇಡ. ಶೈಲಿ ಬದಲಾಯಿಸ್ದ ಅಂದ್ಕೊಳ್ಳಲಿ. ನಾನು ಇರೋವರೆಗೂ ಬಾಯಿ ಬಿಡ್ಬೇಡ."

ಉಳಿದ ಎರಡು ಬೆರಳಲ್ಲಿ ಅವನು ಹೊಸದಾಗಿ ನುಡಿಸಲು ಕಲಿತ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಮುಟ್ಟಲು ಹೊತ್ತು ಹಿಡಿಯುತ್ತಿತ್ತು. ಆ ಖಾಲಿ ಜಾಗಕ್ಕೆ ಡೋಲು ಬಂತು. ಮೇಷ್ಟ್ರು ಪಕ್ವತೆ ಎನ್ನುವುದು, ಶೋಂಗಾ ಹೇಡಿತನ ಎನ್ನುವುದು ಅದನ್ನೇ. ಎರಡನೇ ರೆಕಾರ್ಡು ಮಾಡುವಾಗ ಆಂಪ್ಲಿಫೈಯರ್ ಗುಂಯ್ ಎಂದಿತು. ಡಿಸ್ಮಾಸ್ ಅದನ್ನು ಹಾಗೇ ಬಿಟ್ಟ. ಅವನು ಮತ್ತೆಂದೂ ಹಸಿರು ತಂತಿ ಮುಟ್ಟಲಿಲ್ಲ.

ಕಪಂಬ್ವೆ ಎಂಬತ್ತೊಂಬತ್ತರಲ್ಲಿ ತೀರಿಕೊಂಡ. ಕೊಟ್ಟ ಮಾತು ಅಲ್ಲಿಗೆ ತೀರಿತ್ತು, ಡಿಸ್ಮಾಸ್ ಹೇಳಬಹುದಿತ್ತು. ಮುಂದಿನ ಶನಿವಾರ ಎಂದುಕೊಂಡ. ಶನಿವಾರ ಬಂತು, ಶೋಂಗಾ ಹೇಡಿ ಎಂದ, ಇವನು ಬೆಸುಗೆ ತಂತಿ ಹುಡುಕಲು ಎದ್ದು ಹೋದ. ಹೀಗೆ ಇಪ್ಪತ್ತೇಳು ವರ್ಷದ ಶನಿವಾರಗಳು ಹೋದವು. ಕತ್ತರಿಸಿದ ತಂತಿಯ ಚೂರು, ಹೆಬ್ಬೆರಳುದ್ದದ್ದು, ಅಷ್ಟೂ ವರ್ಷ ಅವನ ಅಂಗಿಯ ಜೇಬಿನಲ್ಲಿತ್ತು.

ಇಪ್ಪತ್ತೇಳನೇ ವರ್ಷದ ಚಳಿಗಾಲದಲ್ಲಿ ಶೋಂಗಾನ ಎದೆ ಕಟ್ಟಿತು. ಬಂಡೆಯ ಧೂಳು ಕೊನೆಗೂ ತನ್ನ ಪಾಲು ಕೇಳಲು ಬಂದಿತ್ತು. ಈ ಸಲ ಹೇಳಿಯೇಬಿಡುತ್ತೇನೆ, ಇವನು ಸತ್ತ ಮೇಲೆ ಹೇಳಿ ಯಾರಿಗೆ ಉಪಯೋಗ ಎಂದುಕೊಂಡು ಡಿಸ್ಮಾಸ್ ಕಿತ್ತಳೆ ಹಣ್ಣು ಹಿಡಿದು ಆಸ್ಪತ್ರೆಗೆ ಹೋದ. ಜೇಬಿನ ತಂತಿಯ ಮೇಲೆ ಕೈ ಇಟ್ಟುಕೊಂಡೇ ಹಾಸಿಗೆಯ ಪಕ್ಕ ಕೂತ.

"ಎರಡ್ನೇ ರೆಕಾರ್ಡಿನ ವಿಷಯ ಒಂದು ಮಾತು ಹೇಳೋದಿತ್ತು," ಎಂದ.

ಶೋಂಗಾನ ಮುಖ ಅರಳಿತು. "ಬಂದ್ಯಾ ದಾರಿಗೆ! ಸಾಯೋ ಹೊತ್ತಲ್ಲಾದ್ರೂ ಒಪ್ಕೋ, ಮೊದಲ್ನೇದೇ ಮೇಲು. ಆ ಕಪಂಬ್ವೆ ಎರಡ್ನೇದರಲ್ಲಿ ಹಾಗೇ ಇದ್ದಿದ್ರೆ ಇಡೀ ಲೋಕ ಗೆಲ್ತಿದ್ದ ಕಣೋ. ಅದಕ್ಕೇ ಬೈತೀನಿ ನಾನು. ಅವನ ಮೇಲೆ ಎಷ್ಟು ಪ್ರೀತಿ ಇತ್ತು ಅಂದ್ರೆ..." ಕೆಮ್ಮು ಬಂದು ಮಾತು ನಿಂತಿತು. ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷ ಬೈದದ್ದು ಪ್ರೀತಿಯಿಂದ ಎಂದು ತಿಳಿದ ಮೇಲೆ ಡಿಸ್ಮಾಸ್ ಜೇಬಿನ ಮೇಲಿನ ಕೈ ತೆಗೆದ. "ಮೊದಲ್ನೇದೇ ಮೇಲು," ಎಂದ. ಕಿತ್ತಳೆ ಸುಲಿದುಕೊಟ್ಟು ಮನೆಗೆ ಬಂದ. ಬುಧವಾರ ಶೋಂಗಾ ಹೋದ.

ಮುನುಂಗ್ವೆ ಸತ್ತರೆ ಮುನುಂಗ್ವೆ ಅಳುವಂತಿಲ್ಲ. ಅಳುವ ಮನೆಗೆ ಹೋಗಿ ನಗಿಸುವುದು ಅವನ ಕೆಲಸ. ಹೆಣವನ್ನು ಬೈಯಬೇಕು, ಸತ್ತವನ ನಡಿಗೆ ಅಣಕಿಸಬೇಕು, ಪೆಟ್ಟಿಗೆ ಹೊರಟಾಗ ದಾರಿಗೆ ಅಡ್ಡ ಮಲಗಬೇಕು. ಶುಕ್ರವಾರ ಬೆಳಿಗ್ಗೆ ಶೋಂಗಾನ ಪೆಟ್ಟಿಗೆ ಅಂಗಳಕ್ಕೆ ಬಂದಾಗ ಎಲ್ಲರ ಕಣ್ಣೂ ಡಿಸ್ಮಾಸ್ ಮೇಲಿತ್ತು. ಅವನು ಹೋಗಿ ದಾರಿಗೆ ಅಡ್ಡ ಮಲಗಿದ.

"ಎತ್ಬೇಡಿ ಈ ಇಲಿ ತಿನ್ನೋನ್ನ! ಇವನ ಜೊತೆ ಜಗಳ ಮುಗಿದಿಲ್ಲ!" ಎಂದು ಕೂಗಿದ. ನಗು ಎದ್ದಿತು. "ಕಿವುಡ ನನ್ಮಗನೇ, ನಲ್ವತ್ತು ವರ್ಷ ತಪ್ಪು ಮನುಷ್ಯನ್ನ ಹೇಡಿ ಅಂದ್ಯಲ್ಲೋ! ಹೇಡಿ ನಿನ್ ಪಕ್ಕದಲ್ಲೇ ಕೂತಿದ್ದ, ನಿನ್ ಚಿಬುಕು ಕುಡೀತಿದ್ದ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿಸ್ಮಾಸ್ ಎದ್ದು ಕೂತ. ಮಾತು ಒಂದು ಸಲ ಹೊರಟಿತ್ತು, ಇನ್ನು ನಿಲ್ಲುವಂತಿರಲಿಲ್ಲ. ಉಗ್ರಾಣ, ಗುಂಯ್ ಸದ್ದು, ಪ್ಲಗ್ಗು, ಸತ್ತ ಎರಡು ಬೆರಳು, ಎಲ್ಲ ಹೇಳಿದ. ಜೇಬಿನಿಂದ ಹಸಿರು ತಂತಿ ತೆಗೆದು ಎತ್ತಿ ತೋರಿಸಿದ. "ಇದರಿಂದ ಕತ್ತರಿಸ್ದೆ ಅವನ ಕೈನ! ನೋಡಿ! ನಾನೇ ಕಣ್ರೋ!"

"ತಯಾರಿ ಮಾಡ್ಕೊಂಡೇ ಬಂದಿದ್ದಾರೆ, ವೈರ್ ಸಮೇತ!" ಎಂದು ಯಾರೋ ಅರಚಿದರು. ಮೇಷ್ಟ್ರು ಕಟೊಂಗೊ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತ ನಕ್ಕರು. ಎರಡು ದಿನದಿಂದ ಒಂದು ತುತ್ತು ಮುಟ್ಟದೆ ಕೂತಿದ್ದ ಶೋಂಗಾನ ಹೆಂಡತಿ ಕೂಡ ಬಾಯಿಗೆ ಚಿಟೆಂಗೆ ಒತ್ತಿಕೊಂಡು ನಕ್ಕಳು. ಡಿಸ್ಮಾಸ್‌ಗೆ ಅಳು ಒತ್ತರಿಸಿ ಬಂತು.

"ಅಳೋದು ನೋಡ್ರೇ, ನಿಜವಾಗ್ಲೂ ಅತ್ತ ಹಾಗೇ!" ಎಂದಳು ಮೇಬಲ್.

"ನಾನು ಹೇಳಿದ್ದು ನಿಜ," ಎಂದ ಅವನು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ನಗು ಬಂತು. ನಾಲ್ವರು ಅವನನ್ನು ಕೈಕಾಲು ಹಿಡಿದು ಎತ್ತಿ ಪಕ್ಕಕ್ಕಿಟ್ಟರು. ಪೆಟ್ಟಿಗೆ ಮುಂದೆ ಹೋಯಿತು.

ಮಣ್ಣಾದ ಮೇಲೆ ಅವನು ಗೇಟಿನ ಹತ್ತಿರ ನಡೆಯುತ್ತಿದ್ದಾಗ ಶೋಂಗಾನ ಮಗಳು ಓಡಿ ಬಂದಳು. ಮಂಡಿ ಊರಿ, ಎರಡೂ ಕೈ ಸೇರಿಸಿ ಏನನ್ನೋ ಚಾಚಿದಳು. "ಬಶಿಕುಲು, ಅಜ್ಜಾ, ನಿಮ್ಮ ವೈರು ಅಂಗಳದಲ್ಲಿ ಬಿದ್ದುಹೋಗಿತ್ತು. ಅಪ್ಪ ಇದ್ದಿದ್ರೆ ಎಷ್ಟು ನಗ್ತಿದ್ರು! ಅಮ್ಮ ನಕ್ಕಿದ್ದು ನೋಡಿ ನಮಗೆ ಜೀವ ಬಂತು. ದೇವ್ರು ಒಳ್ಳೇದು ಮಾಡ್ಲಿ." ಅವನು ತೆಗೆದುಕೊಂಡು ಮತ್ತೆ ಜೇಬಿಗೆ ಹಾಕಿಕೊಂಡ. ಬೇರೇನು ಮಾಡುವುದೆಂದು ತಿಳಿಯಲಿಲ್ಲ.

ಮರುದಿನ ಶನಿವಾರ. ಯಾರೂ ಬರಲಾರರು ಎಂದುಕೊಂಡಿದ್ದ, ಎಲ್ಲರೂ ಬಂದರು. ಶೋಂಗಾನ ಕ್ರೇಟು ಖಾಲಿಯಿತ್ತು. ಸತ್ತವನ ಜಾಗ ಖಾಲಿ ಬಿಡುವುದು ಇಲ್ಲಿನ ಪದ್ಧತಿಯಲ್ಲ. ಒಬ್ಬರು ಅವನ ಹೆಸರು ಹೊರಬೇಕು, ಅವನ ಮಾತು ಆಡಬೇಕು. ಮೇಷ್ಟ್ರು ತಮ್ಮ ಕ್ರೇಟಿನಿಂದ ಎದ್ದು ಗಂಭೀರವಾಗಿ ಹೋಗಿ ಶೋಂಗಾನ ಕ್ರೇಟಿನ ಮೇಲೆ ಕೂತರು.

"ಇವತ್ತಿಂದ ಆ ಪಕ್ಷ ನಂದು," ಎಂದರು. "ಅವನ ವಾದ ಅನಾಥ ಆಗ್ಬಾರ್ದು."

ಮೇಬಲ್ ಎರಡನೇ ರೆಕಾರ್ಡು ಹಾಕಿದಳು. ಮುಳ್ಳು ಇಳಿಯಿತು, ಗುಂಯ್ ಶುರುವಾಯಿತು. ಮೇಷ್ಟ್ರು ಎದೆಯುಬ್ಬಿಸಿ, ಶೋಂಗಾನದೇ ದನಿಯಲ್ಲಿ, ಇಡೀ ಮಾರ್ಕೆಟ್ಟಿಗೆ ಕೇಳುವ ಹಾಗೆ ಕೂಗಿದರು: "ಹೇಡಿ!" ಎಲ್ಲರೂ ಚಪ್ಪಾಳೆ ತಟ್ಟಿದರು.

ಡಿಸ್ಮಾಸ್ ಅಭ್ಯಾಸಬಲದಿಂದ ಬೆಸುಗೆ ತಂತಿ ಹುಡುಕಲು ಅರ್ಧ ಎದ್ದವನು ಮತ್ತೆ ಕೂತ. ಹಿಂದಿನ ಕೋಣೆಗೆ ಹೋಗಿ ಅಡಗಿಸಿಡಲು ಈಗ ಏನೂ ಉಳಿದಿರಲಿಲ್ಲ, ಎಲ್ಲವನ್ನೂ ಹೇಳಿಯಾಗಿತ್ತು. ಬೆನ್ನ ಹಿಂದೆ ಕಪಂಬ್ವೆ ಬಂದು ನಿಂತ. ನಾಲ್ಕು ಸೆಕೆಂಡು ಕಳೆದು, ಎರಡು ಬೆರಳಿನ ಮೊದಲ ಸ್ವರ ಬಂತು. ಮುಂದಿನದಕ್ಕೆ ಅವರಿಬ್ಬರೂ ಕಾದರು.